ಏಳು ಕಾಲಿನ ಸೇತುವೆ

"ಅಮ್ಮಾ, ಸೇತುವೆ ಬಂದ್ರೆ ಸಾಕು, ಅಜ್ಜಿ ಯಾಕೆ ಕಣ್ಣು ಮುಚ್ಕೋತಾರೆ? ಭಯಾನಾ?"

ಬಸ್ಸಿನ ಕಿಟಕಿಯ ಪಕ್ಕ ಅಮ್ಮನ ತೊಡೆಯ ಮೇಲೆ ಕೂತಿದ್ದ ಐದು ವರ್ಷದ ಮಗಳು ಇದನ್ನು ಪಿಸುಮಾತಿನಲ್ಲೇನೂ ಕೇಳಲಿಲ್ಲ. ಮುಂದಿನ ಸೀಟಿನವರೂ ತಿರುಗಿ ನೋಡಿದರು. ಸೊಸೆ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಮಾತ್ರ ಕಣ್ಣು ಬಿಡಲಿಲ್ಲ. ಅವರ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಬಸ್ಸು ಆಚೆಯ ದಡ ಮುಟ್ಟಿ, ಗಾಲಿಯಡಿ ಕೊನೆಯ ಧಡಕ್ ಕೇಳಿಸಿದ ಮೇಲೆಯೇ ಅವರು ಕಣ್ಣು ತೆರೆದದ್ದು.

"ಐದು. ಇದಲ್ಲ," ಎಂದರು ತಮ್ಮಷ್ಟಕ್ಕೆ. ಆಮೇಲೆ ಮೊಮ್ಮಗಳ ಕೆನ್ನೆ ಚಿವುಟಿ, "ಭಯ ನಿಮ್ಮಪ್ಪನಿಗೆ ಕಣೇ, ಜಿರಲೆ ಕಂಡ್ರೆ ಮಂಚ ಹತ್ತುತ್ತಾನೆ. ನಿಮ್ಮಜ್ಜಿಗೆ ಯಾಕೆ ಭಯ?" ಎಂದರು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದಲೂ ಸೊಸೆ ಇದನ್ನು ನೋಡುತ್ತಲೇ ಬಂದಿದ್ದಳು. ದೊಡ್ಡವರು ಹೊಳೆ ದಾಟುವಾಗ ಏನೋ ಬೇಡಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಿದ್ದಳು. ಮಕ್ಕಳಿಗೆ ಆ ಸುಮ್ಮನಿರುವ ವಿದ್ಯೆ ಇನ್ನೂ ಬಂದಿರುವುದಿಲ್ಲವಲ್ಲ. ಅಂದು ಸಂಜೆ ಒಗೆದ ಚಾದರವೊಂದರ ಎರಡು ತುದಿ ತಾನು, ಎರಡು ತುದಿ ಅತ್ತೆ ಹಿಡಿದು ಮಡಿಸುತ್ತಿದ್ದಾಗ ಸೊಸೆ ಕೇಳಿಯೇಬಿಟ್ಟಳು. "ಏನನ್ನು ಎಣಿಸ್ತೀರಿ, ಅತ್ತೆ?"

ಅತ್ತೆ ಚಾದರವನ್ನು ಒಮ್ಮೆ ಜಗ್ಗಿ ಬಿಗಿ ಮಾಡಿದರು. "ಕಾಲು," ಎಂದರು. "ಸೇತುವೆ ಕಾಲು. ಬಸ್ಸು ಒಂದೊಂದು ಸಂದಿನ ಮೇಲೆ ಹೋದಾಗ್ಲೂ ಧಡಕ್ ಅನ್ನತ್ತಲ್ಲ, ಎರಡು ಕಡೆ ಕೊನೇದು ಬಿಟ್ರೆ, ಪ್ರತಿ ಧಡಕ್‌ಗೆ ಕೆಳಗೊಂದು ಕಾಲಿರತ್ತೆ. ಏಳು ಕಾಲಿನ ಸೇತುವೆ ಬೇಕು ನಂಗೆ. ಮೇಸ್ತ್ರಿ ಅಲ್ಲಿದ್ದಾನೆ."

ಅತ್ತೆಯನ್ನು ಬೀದಿಯವರು ಕರೆಯುತ್ತಿದ್ದುದು ಇಸ್ತ್ರಿ ಅಕ್ಕ ಎಂದು. ಹನ್ನೆರಡನೆಯ ವಯಸ್ಸಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದವರು ತಲೆ ಬೆಳ್ಳಗಾದ ಮೇಲೆಯೇ ಹೊರಬಂದದ್ದು. ಅಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದವನನ್ನೇ ಮದುವೆಯಾದರು, ಅಲ್ಲೇ ಕೆಲಸಕ್ಕಿದ್ದಾಗ ವಿಧವೆಯೂ ಆದರು. ಈಗ ಸೈಕಲ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಒಂದು ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆ ಇಸ್ತ್ರಿ ಮಾಡುತ್ತಾರೆ. ಬಟ್ಟೆಯ ತೇವವನ್ನು ಅಂಗೈಯಿಂದ ನೋಡುವುದಿಲ್ಲ. ಕೈಯ ಹಿಂಬದಿಯನ್ನು ಒತ್ತಿ ನೋಡುತ್ತಾರೆ. ಒಗೆದೊಗೆದು ಅಂಗೈ ಸತ್ತುಹೋಗಿದೆ, ಸುದ್ದಿ ಹೇಳುವುದು ಹಿಂಬದಿ ಮಾತ್ರ ಎನ್ನುತ್ತಾರೆ.

ಒಳಕೋಣೆಯಲ್ಲಿ ಮಂಚದ ಮೇಲೆ ಅತ್ತೆಯ ಅವ್ವ. ಮಗಳಿಗೆ ಅವರು ದೊಡ್ಡಜ್ಜಿ. ಕಣ್ಣು ಪೂರ್ತಿ ಮಬ್ಬಾಗಿತ್ತು. ಕಿವಿ ಮೊಲದ ಕಿವಿ, ಬಾಯಿ ಕತ್ತರಿ. ಚಳಿಗಾಲದಲ್ಲೊಮ್ಮೆ ಜಾರಿ ಬಿದ್ದು ಮಂಚ ಹಿಡಿದ ಮೇಲೆ ಕತ್ತರಿ ಕೊಂಚ ಮೊಂಡಾಗಿ, ಅವರು ಬೇರೆಯೇ ಒಂದು ಮಾತು ಶುರುಮಾಡಿದ್ದರು. ಸಂಜೆಯ ಹೊತ್ತು, ಮನೆ ತುಂಬಿದ ಸದ್ದು ಕೇಳಿಸುತ್ತಿದ್ದಂತೆ, "ಎಲ್ಲರೂ ಬಂದ್ರಾ? ಮೇಸ್ತ್ರಿ ಎಲ್ಲಿ?" ಎನ್ನುವರು.

ಮೇಸ್ತ್ರಿ ಎಂದರೆ ಒಂದೂವರೆ ವರ್ಷದ ಕೂಸು. ಅತ್ತೆಯ ಬೆನ್ನಿಗೆ ಹುಟ್ಟಿದ ತಮ್ಮ.

ಅತ್ತೆಯ ಅಪ್ಪ ಬಾವಿ ಇಳಿಸುವ ಕೂಲಿ. ಸೇತುವೆಗೆ ಕಾಲು ನಿಲ್ಲಿಸಬೇಕಾದರೆ ನದಿಯ ತಳದ ಮರಳಿನ ಮೇಲೆ ಇಟ್ಟಿಗೆಯ ದೊಡ್ಡ ಬಳೆಯೊಂದನ್ನು ಕಟ್ಟುತ್ತಾರೆ. ಅದರೊಳಗೆ ಇಳಿದ ಆಳುಗಳು ಕೆಳಗಿನ ಮರಳನ್ನು ತೋಡಿ ತೋಡಿ ಮೇಲೆ ಕಳಿಸುತ್ತಾರೆ. ಬಳೆ ತನ್ನ ಭಾರಕ್ಕೆ ತಾನೇ ಒಳಗಿಳಿಯುತ್ತದೆ, ಬಂಡೆ ಸಿಕ್ಕುವ ತನಕ. ಆಮೇಲೆ ಅದನ್ನು ತುಂಬಿ ಮೇಲೆ ಕಾಲು ಎಬ್ಬಿಸುವುದು. ಕಾಲು ನೀರಿನಿಂದ ಮೇಲೆದ್ದರೆ ಬಾವಿಯವರ ಕೆಲಸ ಮುಗಿಯಿತು. ಗಂಟುಮೂಟೆ ಕಟ್ಟಿ ಮುಂದಿನ ನದಿಗೆ ಹೊರಡಬೇಕು. ತಾವು ನಿಲ್ಲಿಸಿದ ಕಾಲುಗಳ ಮೇಲೆ ಸೇತುವೆ ಹಾಸಿದ್ದನ್ನು ಅವರಲ್ಲಿ ಯಾರೂ ನೋಡುತ್ತಿರಲಿಲ್ಲ.

ಬಿಡಾರದ ನಡುವೆ ಕೂತು ಹೋಗಿ ಬರುವವರಿಗೆಲ್ಲ ಕೈ ತೋರಿಸಿ ಕಿರುಚುತ್ತಿದ್ದ ಮಗನಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಮೇಸ್ತ್ರಿ. ಒಂದು ನದಿಯ ಹತ್ತಿರ ಬಿಡಾರಕ್ಕೆಲ್ಲ ಜ್ವರ ಬಂತು. ತಾಯಿಗೂ ಬಂತು, ಮಗನಿಗೂ ಬಂತು. ತಾಯಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಮೇಸ್ತ್ರಿ ಹೋದ. ಅಪ್ಪ ಎತ್ತಿಕೊಂಡು ನಡೆದ. ಹಿಂದೆ ಅತ್ತೆ, ಆಗ ಆರೇಳು ವರ್ಷದ ಹುಡುಗಿ, ಗುದ್ದಲಿ ಎಳೆದುಕೊಂಡು ಹೋದಳು. ದಡದ ಮೇಲೆ ಎತ್ತರದ ಒಂದು ದಿಣ್ಣೆ. ಮಣ್ಣು ಮುಚ್ಚಿದ ಮೇಲೆ ಅಪ್ಪ ಹೊಳೆಯ ಕಡೆ ನೋಡುತ್ತಾ ನಿಂತಿದ್ದನಂತೆ. "ಇಲ್ಲಿಂದ ಏಳಕ್ಕೆ ಏಳು ಕಾಲೂ ಕಾಣ್ತವೆ. ಮೇಸ್ತ್ರಿ ಕೂತು ನೋಡ್ಕೊಳ್ಲಿ," ಎಂದನಂತೆ. ತಾಯಿಗೆ ಎಚ್ಚರ ಬರುವಷ್ಟರಲ್ಲಿ ಗುತ್ತಿಗೆದಾರನ ಲಾರಿ ಬಿಡಾರವನ್ನೆಲ್ಲ ಹೇರಿಕೊಂಡು ಹೊರಟಾಗಿತ್ತು. ಮಗನ ಮಣ್ಣನ್ನು ಅವರು ನೋಡಲೇ ಇಲ್ಲ.

ಅದು ಯಾವ ಊರು? ಬಿಡಾರದವರಿಗೆ ಊರಿನ ಹೆಸರು ಬೇಕಿರಲಿಲ್ಲ. ಐದು ಕಾಲಿನ ಹತ್ತಿರ ಹುಟ್ಟಿದವಳು, ಹನ್ನೊಂದು ಕಾಲಿನಲ್ಲಿ ಮದುವೆಯಾದವನು, ಹೀಗೇ ಅವರ ಮಾತು. ಊರು ಬಲ್ಲವನು ಅಪ್ಪನೊಬ್ಬ. ಮುಂದಿನ ನದಿ ಈ ನಗರದ್ದು. ಇಲ್ಲಿ ಬಾವಿಯ ಬಳೆ ವಾಲಿ, ಒಳಗಿದ್ದ ಅಪ್ಪ ಮೇಲೆ ಬರಲಿಲ್ಲ. "ಇಲ್ಲಿಂದ ಮುಂದಕ್ಕೆ ನಾನು ಒಂದು ಹೆಜ್ಜೆ ಇಡಲ್ಲ," ಎಂದು ತಾಯಿ ಲಾರಿ ಹತ್ತದೆ ಉಳಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಹಿಡಿದರು.

ಚಾದರ ಮಡಿಕೆಗೆ ಬಂದಿತ್ತು. ಅತ್ತೆ ಅದನ್ನು ಎದೆಗೆ ಒತ್ತಿಕೊಂಡು, "ಅವ್ವನ ಉಸಿರಿರೋದ್ರೊಳಗೆ ಒಂದ್ಸಲ ಅವನಿರೋ ಜಾಗ ಇಂಥದು ಅಂತ ಹೇಳಿಬಿಟ್ರೆ ಸಾಕಿತ್ತು," ಎಂದರು. "ಡಾಕ್ಟ್ರು ಎದೆ ಬಡಿತ ಕೇಳಿ ತಲೆ ಅಲ್ಲಾಡಿಸಿ ಹೋದ್ರಲ್ಲ ಮೊನ್ನೆ. ನಂಗೆ ಆಗಿಂದ ನಿದ್ದೆ ಇಲ್ಲ."

ಸೊಸೆ ಅಳುವವಳಲ್ಲ, ಕೆಲಸ ಹಚ್ಚಿಕೊಳ್ಳುವವಳು. ಪಿಂಚಣಿಗೆಂದು ತರಿಸಿದ್ದ ಅತ್ತೆಯ ಜನನಪತ್ರ ಟ್ರಂಕಿನಲ್ಲಿತ್ತು. ಅದರಲ್ಲಿ ತಂದೆಯ ಕಸುಬು: ಬಾವಿ ಇಳಿಸುವುದು. ವಾಸ: ಸೇತುವೆ ಬಿಡಾರ. ಬರೆಸಿದವರು: ಗುತ್ತಿಗೆದಾರರ ಗುಮಾಸ್ತ. ಅವಳಿಗೆ ಎಳೆ ಸಿಕ್ಕಿತು. ಹುಟ್ಟನ್ನು ಬರೆಸಿದ ಗುಮಾಸ್ತ ಸಾವನ್ನೂ ಬರೆಸಿರಬೇಕಲ್ಲ! ಬಿಡಾರ ಹಾಕಿದ ಯಾವುದೋ ಒಂದು ಊರಿನ ಜನನ ಮರಣ ಕಚೇರಿಯಲ್ಲಿ ಮೇಸ್ತ್ರಿ ಇರಲೇಬೇಕು.

ಅಲ್ಲಿಂದ ಶುರುವಾಯಿತು. ಮಗಳನ್ನು ಶಾಲೆಗೆ ಬಿಟ್ಟು, ದೊಡ್ಡಜ್ಜಿಗೆ ಊಟ ಮಾಡಿಸಿ, ಅವಳು ಕಚೇರಿಗಳ ಬೆಂಚು ಕಾದಳು. ದೂರದ ಊರುಗಳಿಗೆ ಅರ್ಜಿ ಬರೆದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮನೆತನದ ದಾರಿ ಬರೆಯುತ್ತಾ ಹೋದಳು. ಅತ್ತೆಯ ತಾತ, ಒಣ ಸೀಮೆಯ ಒಂದು ಹಳ್ಳಿಯಲ್ಲಿ ಬಾವಿ ತೋಡುವವನು. ಅವನ ಅಪ್ಪನೂ ಅದೇ. ಆಮೇಲೆ ಒಂದು ತೆರಿಗೆ ಪಟ್ಟಿಯಲ್ಲಿ ಅದೇ ತಾತನ ಹೆಸರಿನ ಮುಂದೆ 'ಕಸುಬಿಲ್ಲ' ಎಂದಿತ್ತು.

"ಊರಿಗೆ ನಲ್ಲಿ ಬಂತು," ಎಂದರು ದೊಡ್ಡಜ್ಜಿ ಒಳಗಿನಿಂದ, ಓದಿದ್ದನ್ನು ಕೇಳಿಸಿಕೊಂಡು. "ಊರಿಗೆ ನಲ್ಲಿ ಬಂತು, ನಮ್ಮನೆಗೆ ಉಪವಾಸ ಬಂತು. ಆಗ ಸೇತುವೆಯವರು ಬಂದು, ಬಾವಿ ತೋಡೋರು ಬೇಕು ಅಂತ ಕರ್ಕೊಂಡು ಹೋದ್ರಂತೆ. ನಮ್ಮ ಮಾವ ಹೇಳ್ತಿದ್ರು, ಕುಡಿಯೋ ನೀರಿಗೆ ತೋಡ್ತಿದ್ವಿ, ಈಗ ಕುಡಿಯಕ್ಕಾಗದಷ್ಟು ನೀರಲ್ಲಿ ತೋಡ್ತೀವಿ ಅಂತ."

ಸೊಸೆಯ ಗಂಡ ಪಂಪು ರಿಪೇರಿ ಮಾಡುವವನು. ಕೈಗೆ ಗ್ರೀಸು ಹತ್ತಿಸಿಕೊಂಡೇ ಕ್ಯಾಲೆಂಡರಿನ ಮೇಲೆ ಬಗ್ಗಿದ. "ಸರಿಹೋಯ್ತು! ಮುತ್ತಾತ ನೀರು ಹುಡುಕಿದ, ತಾತ ನೀರು ಎತ್ತಿ ಹಾಕಿದ, ಅಮ್ಮ ನೀರಲ್ಲಿ ಬಟ್ಟೆ ಜಾಲಾಡಿದಳು, ನಾನು ಕೆಟ್ಟ ಪಂಪು ಬಿಚ್ತಾ ಕೂತಿದ್ದೀನಿ. ಇಷ್ಟು ಸೇವೆ ಮಾಡಿದ್ರೂ ನಮ್ಮನೆ ನಲ್ಲೀಲಿ ನೀರು ಬರಲ್ಲ ನೋಡು."

"ಕೈ ತೆಗಿ, ಗ್ರೀಸು!" ಎಂದು ಸೊಸೆ ಅವನ ಕೈಗೆ ಪೆನ್ಸಿಲಿನಿಂದ ಹೊಡೆದಳು.

ನಕ್ಕರೂ ದಾರಿ ಒಂದು ಕಡೆ ಕಡಿದೇ ಇತ್ತು. ಮೇಸ್ತ್ರಿ ಹುಟ್ಟಿದ ಊರು ಸಿಕ್ಕಿತು, ಅಪ್ಪ ಸತ್ತದ್ದು ಈ ನಗರದಲ್ಲೇ. ನಡುವಿನ ಒಂದು ಬಿಡಾರ ಸಿಗಲಿಲ್ಲ. ಸೇತುವೆಗಳ ಇಲಾಖೆಯಲ್ಲಿ ಆ ಕಾಲದ ಪಟ್ಟಿ ತೋರಿಸಿದರು. ಆ ವರ್ಷಗಳಲ್ಲಿ ಕಟ್ಟಿದವುಗಳಲ್ಲಿ ಏಳು ಕಾಲಿನವು ಎರಡೇ. ಒಂದು ಊರಿಗೆ ಅತ್ತೆ ಸೊಸೆ ಇಬ್ಬರೂ ಹೋದರು. ಮರಣದ ಪುಸ್ತಕವನ್ನು ಪುಟಪುಟವಾಗಿ ತಿರುವಿದರು. ಬಿಡಾರದ ಸುಳಿವೇ ಇಲ್ಲ. ಅತ್ತೆ ಹೊಳೆಯ ದಡದುದ್ದಕ್ಕೂ ನಡೆದು, "ದಿಣ್ಣೆಯೇ ಇಲ್ಲವಲ್ಲ ಇಲ್ಲಿ. ಚಪ್ಪಟೆ, ದೋಸೆಕಲ್ಲು," ಎಂದರು. ಇನ್ನೊಂದು ಊರಿನಿಂದ ಉತ್ತರ ಬರಲು ತಡವಾಯಿತು. ಬಂದ ಉತ್ತರದಲ್ಲಿ ಒಂದೇ ಸಾಲು: ಅಂಥ ನಮೂದು ಇಲ್ಲ.

ಅಷ್ಟರಲ್ಲಿ ದೊಡ್ಡಜ್ಜಿಯ ಊಟ ಗಂಜಿಗೆ ಇಳಿದಿತ್ತು, ಗಂಜಿ ಚಮಚಕ್ಕೆ ಇಳಿದಿತ್ತು. ಒಂದು ಮಧ್ಯಾಹ್ನ ಸೊಸೆ ಅವರ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಚಮಚ ಹಿಡಿದಿದ್ದಳು. ಅತ್ತೆ ಆಚೆ ಇಸ್ತ್ರಿ ಮಾಡುತ್ತಿದ್ದರು.

"ಸಿಕ್ಕಿದನಾ?" ಎಂದರು ದೊಡ್ಡಜ್ಜಿ.

"ಇಲ್ಲ ದೊಡ್ಡಜ್ಜಿ. ಏಳು ಕಾಲಿನ ಸೇತುವೆ ಎರಡೇ ಇದ್ದದ್ದು. ಎರಡರಲ್ಲೂ ಇಲ್ಲ."

"ಯಾರು ಎಣಿಸಿದ್ದು?"

"ಇಲಾಖೆಯವರೇ ಎಣಿಸಿ ಬರೆದಿಟ್ಟಿದ್ದಾರೆ. ಈ ದಡದಿಂದ ಆ ದಡಕ್ಕೆ."

ದೊಡ್ಡಜ್ಜಿ ಚಮಚವನ್ನು ನಾಲಿಗೆಯಿಂದ ಆಚೆ ತಳ್ಳಿದರು. ಮೊಂಡಾಗಿದ್ದ ಕತ್ತರಿಗೆ ಇದ್ದಕ್ಕಿದ್ದಂತೆ ಮೊನೆ ಬಂತು. "ಒಣಗಾಲು ಯಾಕೆ ಎಣಿಸಿದ್ರಿ? ದಡದ ಮೇಲೆ ನಿಂತಿರೋದು ಗಾರೆಯವರದ್ದು. ನಮ್ಮದಾ ಅದು? ನೀರಲ್ಲಿ ನಿಂತಿದ್ದು ಮಾತ್ರ ನಮ್ಮದು. ಗಾರೆಯವರ ಹೆಂಗಸರು ನೀರು ತರಕ್ಕೆ ಬಂದಾಗ ನಮ್ಮನ್ನ ಹಸಿಗಾಲಿನವರು ಬಂದ್ರು ದೂರ ಸರೀರಿ ಅನ್ನೋರು. ನಾವು ಬಿಡ್ತಿದ್ವಾ? ಒಣಗಾಲೂ ಒಂದು ಕಾಲಾ, ಸೊಂಟ ನೆನೆಯದವನೂ ಒಬ್ಬ ಗಂಡಸಾ ಅಂತಿದ್ವಿ. ನಿಮ್ಮತ್ತೆ ಅಪ್ಪ ಸಾಯೋ ತನಕ ಒಂದು ಒಣಗಾಲು ಲೆಕ್ಕಕ್ಕೆ ಹಿಡಿದವನಲ್ಲ."

ಹೊರಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಅವ್ವಾ, ಇದನ್ನ ಇಷ್ಟು ವರ್ಷ ನೀನ್ಯಾಕೆ ಹೇಳಲಿಲ್ಲ?"

"ನೀನು ಯಾವಾಗ ಕೇಳಿದೆ?"

"ನಾನು ಬಸ್ಸಲ್ಲಿ ಹೋದಾಗೆಲ್ಲ, ಒಂದೊಂದು ಸೇತುವೇನೂ, ಎಣಿಸಿ ಎಣಿಸಿ..." ಅತ್ತೆಗೆ ನಗು ಬಂದುಬಿಟ್ಟಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದವರ ದನಿ ಯಾವ ಗಳಿಗೆಯಲ್ಲಿ ಅಳುವಾಯಿತೋ ಸೊಸೆಗೆ ತಿಳಿಯಲಿಲ್ಲ. ಮೇಜಿನ ಮೇಲೆ ಯಾರದೋ ಅಂಗಿ ಸುಟ್ಟ ವಾಸನೆ ಬಂತು. ಅತ್ತೆಯ ಜೀವಮಾನದಲ್ಲಿ ಸುಟ್ಟ ಬಟ್ಟೆ ಬಹುಶಃ ಅದೊಂದೇ.

ಇಲಾಖೆಯ ಪಟ್ಟಿಗೆ ಮತ್ತೆ ಹೋದರು. ಈ ಸಲ ಸೊಸೆ ಕೇಳಿದ್ದು ನೀರಿನೊಳಗಿನ ಕಾಲಿನ ಲೆಕ್ಕ. ಒಟ್ಟು ಒಂಬತ್ತು, ಎರಡು ದಡದ ಮೇಲೆ, ಏಳು ನೀರಿನಲ್ಲಿ. ಅಂಥದ್ದು ಒಂದೇ ಒಂದು ಸಿಕ್ಕಿತು. ಊರಿನ ಹೆಸರು ಕೇಳಿ ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. ಅದು ಅವರ ಗಂಡನ ಊರಿಗೆ ಹೋಗುವ ದಾರಿ. "ಮದುವೆಯಾಗಿ ಗಂಡನ ಜೊತೆ ಮೊದಲನೇ ಸಲ ಹೋದದ್ದು ಅದರ ಮೇಲೇ ಕಣೇ. ಒಂಬತ್ತು ಅಂತ ಎಣಿಸಿದೆ, ಬಿಟ್ಟುಬಿಟ್ಟೆ. ಅವರು ಏನು ಎಣಿಸ್ತೀಯ ಅಂತ ಕೇಳಿದ್ರು, ಏನಿಲ್ಲ ಅಂದೆ. ಆಮೇಲೆ ಎಷ್ಟು ಸಲ ದಾಟಿದ್ದೀನೋ."

ಮಗಳನ್ನು ಗಂಡನ ಜೊತೆ ಬಿಟ್ಟು, ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು. ಮಂಚದ ಮೇಲಿಂದ ದೊಡ್ಡಜ್ಜಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು: "ಅಲ್ಲಿ ತಂಪಿದೆಯಾ ನೋಡ್ಕೊಂಡು ಬಾ. ಅವನಿಗೆ ಬಿಸಿಲು ಕಂಡ್ರೆ ಆಗ್ತಿರಲಿಲ್ಲ."

ಆ ಊರಿನ ಕಚೇರಿ ಹಳೆಯ ಹೆಂಚಿನ ಮನೆ. ಗುಮಾಸ್ತ ಚಿಕ್ಕ ವಯಸ್ಸಿನವನು. ಪುಸ್ತಕದ ಧೂಳಿಗೆ ಸೀನುತ್ತಾ ಬೆರಳಾಡಿಸಿದ. "ಇಲ್ಲಿದೆ ನೋಡಿ," ಎಂದು ನಿಂತ. "ಗಂಡು. ಒಂದೂವರೆ ವರ್ಷ. ಜ್ವರ. ತಂದೆ ಬಾವಿ ಇಳಿಸುವ ಕೂಲಿ. ಸೇತುವೆ ಬಿಡಾರ." ಮತ್ತೊಮ್ಮೆ ಕಣ್ಣು ಹಾಯಿಸಿದ. "ಹೆಸರು ಮಾತ್ರ ಹಾಕಿಲ್ಲ, ಅಜ್ಜಿ. ಬರೀ 'ಮಗು' ಅಂತಿದೆ."

"ಪರವಾಗಿಲ್ಲಪ್ಪ," ಎಂದರು ಅತ್ತೆ. "ಹೆಸರು ನಮ್ಮ ಹತ್ರ ಇದೆ." ಆ ಸಾಲಿನ ಮೇಲೆ ಕೈಯ ಹಿಂಬದಿಯನ್ನು ಮೆಲ್ಲಗೆ ಇಟ್ಟರು. ಗುಮಾಸ್ತ ಪುಸ್ತಕ ಮುಚ್ಚಲು ಅವಸರ ಮಾಡಲಿಲ್ಲ.

ಹೊಳೆ ಕಚೇರಿಯಿಂದ ದೂರವಿರಲಿಲ್ಲ. ಸೇತುವೆ ಕಂಡದ್ದೇ ಅತ್ತೆ ಹುಡುಗಿಯ ಹಾಗೆ ಸರಸರ ನಡೆದರು. "ಬಿಡಾರ ಆ ಕಡೆ ಇತ್ತು. ಇಲ್ಲಿ ಗಾರೆಯವರು. ದಿಣ್ಣೆ ಹತ್ತಬೇಕಾದ್ರೆ ಎಡಕ್ಕೆ ಒಂದು ಕಾಲುದಾರಿ ಇತ್ತು. ಗುದ್ದಲಿ ಕಲ್ಲಿಗೆ ತಾಗಿ ಸದ್ದಾಗಿ ಅಪ್ಪ ತಿರುಗಿ ನೋಡಿದ..." ಎನ್ನುತ್ತಾ ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಇಳಿದವರು ಅಲ್ಲೇ ನಿಂತರು.

ಸೊಸೆ ಬಂದು ಪಕ್ಕದಲ್ಲಿ ನಿಂತು ನೋಡಿದಳು. ಲೆಕ್ಕ ತಪ್ಪಿತ್ತು. ಆಚೆಯ ದಡದ ಕಡೆ ಮೂರು ಕಾಲುಗಳು ಒಣ ಮರಳಿನ ಮೇಲೆ ನಿಂತಿದ್ದವು; ಅವುಗಳ ಬುಡದಲ್ಲಿ ಹುಲ್ಲು ಬೆಳೆದು ಆಡುಗಳು ಮೇಯುತ್ತಿದ್ದವು. ಈ ಕಡೆ, ದಡದ ಮೇಲಿರಬೇಕಾಗಿದ್ದ ಒಣಗಾಲಿನ ಸುತ್ತ ನೀರು ಸುಳಿ ಸುತ್ತುತ್ತಿತ್ತು. ಅತ್ತೆ ಕೈ ಮಾಡಿದ ಎಡಗಡೆಯಲ್ಲಿ ಕಾಲುದಾರಿ ಇರಲಿಲ್ಲ. ದಿಣ್ಣೆ ಇರಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಹೊಳೆಯೇ.

ದಡದ ಪಂಪುಮನೆಯ ಕಾವಲುಗಾರ ಬೀಡಿ ಆರಿಸಿ ಹತ್ತಿರ ಬಂದ. "ಯಾರನ್ನ ಹುಡುಕ್ತಿದ್ದೀರಿ, ಅಕ್ಕಾ?"

"ಇಲ್ಲೊಂದು ದಿಣ್ಣೆ ಇತ್ತಲ್ಲ," ಎಂದಳು ಸೊಸೆ.

"ಬಿಡಾರದ ದಿಣ್ಣೇನಾ? ನಮ್ಮಪ್ಪ ಹೇಳ್ತಿದ್ದ. ನಾನು ಚಿಕ್ಕವನಿದ್ದಾಗ ಒಂದು ದೊಡ್ಡ ನೆರೆ ಬಂತು. ಆಗ ಹೊಳೆ ಈ ಕಡೆ ಹೊರಳಿಬಿಡ್ತು, ವರ್ಷ ವರ್ಷ ಒಂದಿಷ್ಟು ದಡ ತಿಂತಾ ಬಂತು. ದಿಣ್ಣೆ ಹೋಗಿ ಯಾವ ಕಾಲ ಆಯ್ತೋ." ಇಬ್ಬರ ಮುಖವನ್ನೂ ನೋಡಿ, ದನಿ ತಗ್ಗಿಸಿದ. "ನಿಮ್ಮದು ಏನಾದ್ರೂ ಇತ್ತಾ ಅಲ್ಲಿ?"

ಅತ್ತೆ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಇಳಿದರು. ಸೊಸೆ ಮೊಣಕೈ ಹಿಡಿದುಕೊಂಡಳು. ಅವರು ಬಗ್ಗಿ ಕೈಯ ಹಿಂಬದಿಯನ್ನು ನೀರಿಗೆ ಒಡ್ಡಿ, ತುಸು ಹೊತ್ತು ಹಾಗೇ ಇದ್ದರು.

"ತಂಪಾಗಿದೆ," ಎಂದರು.

ಆಮೇಲೆ ನೆಟ್ಟಗಾಗಿ ಸೇತುವೆಯನ್ನು ನೋಡಿದರು. ಮೇಲೆ ಒಂದು ಲಾರಿ ಧಡಕ್ ಧಡಕ್ ಎಂದು ದಾಟುತ್ತಿತ್ತು. "ಅಪ್ಪ ನಿಲ್ಲಿಸಿದ ಕಾಲು ನೋಡು. ಒಂದೂ ಅಲ್ಲಾಡಿಲ್ಲ."

ಸೊಸೆಗೆ ತನ್ನ ಮಗಳು ಈ ಹೊತ್ತಿನಲ್ಲಿ ಶಾಲೆಯಲ್ಲಿ ಏನು ಮಾಡುತ್ತಿರಬಹುದು ಎಂಬ ಯೋಚನೆ ಕಾರಣವಿಲ್ಲದೆ ಬಂತು. ಡಬ್ಬಿ ತೆರೆದು ತಿಂದಿರುತ್ತಾಳೋ ಇಲ್ಲವೋ. ಅವಳನ್ನು ಈಗಲೇ ಎತ್ತಿಕೊಳ್ಳಬೇಕು ಅನ್ನಿಸಿತು. ಎತ್ತಿಕೊಳ್ಳಲು ಏನೂ ಇಲ್ಲದ ಕೈಯಲ್ಲಿ ಅತ್ತೆಯ ಚಪ್ಪಲಿ ಎತ್ತಿಕೊಂಡಳು.

ಬಸ್ ನಿಲ್ದಾಣದಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬೇಡವೆಂದರೂ ಕೇಳದೆ ಕಾವಲುಗಾರ ಟೀ ಕಳಿಸಿಕೊಟ್ಟಿದ್ದ. ಸೊಸೆ ಕುಡಿದಳು, ಅತ್ತೆಯದು ಆರಿತು. ಅತ್ತೆ ಅವಳ ಮಂಡಿಯ ಮೇಲೆ ಕೈಯಿಟ್ಟರು.

"ಒಂದು ಉಪಕಾರ ಮಾಡ್ತೀಯಾ, ಮಗಳೇ?"

"ಹೇಳಿ, ಅತ್ತೆ."

"ಅವ್ವನಿಗೆ ನೀನು ಹೇಳು. ನಾನು ಹೇಳಿದ್ರೆ ಆಗಲ್ಲ, ನನ್ನ ದನಿ ಅವಳಿಗೆ ನಾನು ಹುಟ್ಟಿದಾಗಿಂದ ಗೊತ್ತು, ಎರಡನೇ ಮಾತಿಗೇ ಹಿಡ್ಕೊಂಡುಬಿಡ್ತಾಳೆ. ನಾನು ಮೆಟ್ಟಿಲ ಹತ್ರಾನೇ ನಿಂತಿರ್ತೀನಿ, ನೀನು ಮೊದ್ಲು ಒಳಗೆ ಹೋಗು. ದಿಣ್ಣೆ ಹಾಗೇ ಇದೆ ಅನ್ನು. ಕೂತ್ರೆ ಏಳು ಕಾಲೂ ಕಾಣ್ತವೆ ಅನ್ನು. ಪಕ್ಕದಲ್ಲೊಂದು ಮರ ಇದೆ ಅನ್ನು. ಯಾವ ಮರ ಅಂತ ಕೇಳೇ ಕೇಳ್ತಾಳೆ. ಹೆಸರು ಗೊತ್ತಾಗಲಿಲ್ಲ ದೊಡ್ಡಜ್ಜಿ, ನೆರಳು ಮಾತ್ರ ಚೆನ್ನಾಗಿದೆ ಅನ್ನು."